ಹವಾಯಿ ಕೆಂಪೋ: ಪುರಾಣವೂ ಪಟ್ಟೂ

ಹವಾಯಿ ಕೆಂಪೋ ಎಂಬ ಕಾದಾಟದ ವಿದ್ಯೆಯ ಶಾಲೆಗಳು ಹೇಳಿಕೊಳ್ಳುವ ಗುರುಪರಂಪರೆ ಬಹಳ ಉದ್ದ. ದಕ್ಷಿಣ ಭಾರತದಿಂದ ಹೊರಟ ಬೋಧಿಧರ್ಮನಿಂದ ಚೀನಾದ ಶಾವೋಲಿನ್ ಮಠಕ್ಕೆ, ಅಲ್ಲಿಂದ ಜಪಾನಿನ ಕ್ಯೂಶು ದ್ವೀಪದ ಬೌದ್ಧ ದೇಗುಲಕ್ಕೆ, ಮಿತೋಸೆ ಮನೆತನಕ್ಕೆ, ಕೊನೆಗೆ ಜೇಮ್ಸ್ ಮಿತೋಸೆಯ ಮೂಲಕ ಹೊನೊಲುಲುವಿಗೆ. ತಾನು ಈ ಪರಂಪರೆಯ 21ನೇ ಗುರು ಎಂದು ಮಿತೋಸೆ ಹೇಳಿಕೊಂಡಿದ್ದ. ಇದೊಂದು ಸ್ಥಳಪುರಾಣ. ಪುರಾಣ ನಂಬಲಾಗದ್ದು ಎಂದ ಮಾತ್ರಕ್ಕೆ ಗುಡಿಯ ಕೆತ್ತನೆ ಕೆಡುವುದಿಲ್ಲ, ಪುರಾಣ ಭವ್ಯವಾಗಿದೆ ಎಂದ ಮಾತ್ರಕ್ಕೆ ಕೆತ್ತನೆ ಚೆಲುವಾಗುವುದೂ ಇಲ್ಲ. ಕೆಂಪೋವಿನ ವಂಶವನ್ನೂ ವರಸೆಯನ್ನೂ ಬೇರೆಬೇರೆಯಾಗಿಯೇ ತೂಗಬೇಕು.

ವಂಶದ ತೂಕ ಕಡಿಮೆ. ಬೋಧಿಧರ್ಮ ಶಾವೋಲಿನ್ ಭಿಕ್ಷುಗಳಿಗೆ ಕಾದಾಟ ಕಲಿಸಿದನೆಂಬ ಕಥೆಗೆ ಆಧಾರವಾದ ವ್ಯಾಯಾಮ ಗ್ರಂಥ 17ನೇ ಶತಮಾನದ್ದು. ಚೀನಾದ ಸಂಶೋಧಕ ತಾಂಗ್ ಹಾವ್ 1930ರ ದಶಕದಲ್ಲೇ ಈ ಕಥೆಯನ್ನು ಅಲ್ಲಗಳೆದ. ಮಿತೋಸೆ ಹುಟ್ಟಿದ್ದು ಹವಾಯಿಯಲ್ಲಿ. ಬಾಲ್ಯದಲ್ಲಿ ಕ್ಯೂಶುವಿಗೆ ಹೋಗಿ ಮನೆತನದ ವಿದ್ಯೆ ಕಲಿತೆ ಎಂಬುದು ಅವನದೇ ಮಾತು. ಆದರೆ ಅವನು ಕಲಿಸುತ್ತಿದ್ದ ಕಟಾ (ನಿಗದಿತ ಚಲನೆಗಳ ಸರಣಿ) ನೈಹಾಂಚಿ, ಒಕಿನಾವಾದ ಕರಾಟೆಯದು. 1953ರಲ್ಲಿ ಅವನು ಪ್ರಕಟಿಸಿದ ಸ್ವರಕ್ಷಣೆಯ ಪುಸ್ತಕದ ಹಲವು ಭಂಗಿಗಳು ಒಕಿನಾವಾದ ಚೋಕಿ ಮೊಟೊಬು 1926ರಲ್ಲಿ ತಂದ ಪುಸ್ತಕದ ಚಿತ್ರಗಳನ್ನು ಹೋಲುತ್ತವೆ. ಕ್ಯೂಶುವಿನ ದೇಗುಲ ಬಾಯಿಮಾತಿನಲ್ಲಷ್ಟೇ ಉಳಿದಿದೆ. ಒಕಿನಾವಾದ ಗುರುತು ಕೈಕಾಲುಗಳ ಚಲನೆಯಲ್ಲೇ ಕಾಣುತ್ತದೆ.

ಅದು ಕಾಣುವುದಕ್ಕೆ ಕಾರಣವೂ ಇದೆ. ಹವಾಯಿಯ ಕಬ್ಬಿನ ತೋಟಗಳಿಗೆ ಚೀನೀಯರು, ಜಪಾನೀಯರು, ಪೋರ್ಚುಗೀಸರು, ಕೊರಿಯನ್ನರು, ಫಿಲಿಪಿನೋಗಳು ಕೂಲಿಗೆ ಬಂದರು. 1900ರಿಂದ ಒಕಿನಾವಾದವರೂ ಬಂದರು. 1927ರಲ್ಲಿ ಒಕಿನಾವಾದ ಹಿರಿಯ ಗುರು ಯಾಬು ಕೆಂಟ್ಸು ಹೊನೊಲುಲುವಿನಲ್ಲಿ ಕರಾಟೆ ಪ್ರದರ್ಶಿಸಿದ. ಮೊಟೊಬು 1932ರಲ್ಲಿ ಬಂದಾಗ ಅವನನ್ನು ದ್ವೀಪದೊಳಕ್ಕೆ ಬಿಡದೆ ವಾಪಸು ಕಳುಹಿಸಿದರು. ಮಿತೋಸೆ ಕಲಿಸಲು ಶುರುಮಾಡುವ ಹೊತ್ತಿಗೆ ಈ ವಿದ್ಯೆ ದ್ವೀಪದಲ್ಲಿ ಬೇರುಬಿಟ್ಟಿತ್ತು.

ಹಾಗಿದ್ದರೆ ಮಿತೋಸೆಯದೇನು? ಪರ್ಲ್ ಹಾರ್ಬರ್ ದಾಳಿಯಾಗಿ ಜಪಾನಿ ಹೆಸರನ್ನೇ ಅನುಮಾನದಿಂದ ನೋಡುತ್ತಿದ್ದ 1942ರಲ್ಲಿ ಅವನು ಹೊನೊಲುಲುವಿನಲ್ಲಿ ಯಾವ ಜನಾಂಗದವರು ಬಂದರೂ ಸೇರಿಸಿಕೊಳ್ಳುವ ಸ್ವರಕ್ಷಣಾ ತರಗತಿ ನಡೆಸಿದ. ಹೆಚ್ಚಾಗಿ ಒಕಿನಾವಾದವರ ನಡುವೆಯೇ ಇದ್ದ ಕೈಚಳಕ ಎಲ್ಲರ ಸ್ವತ್ತಾಗಲು ಇದೂ ಒಂದು ಕಾರಣ. ಅವನ ಹೆಸರಿಗೆ ಸಲ್ಲಬೇಕಾದ ಗೌರವ ಇಲ್ಲಿದೆ, 21 ತಲೆಮಾರಿನ ಪಟ್ಟಿಯಲ್ಲಲ್ಲ. ಜಗಳ ತಪ್ಪಿಸಿಕೊಳ್ಳುವುದೇ ನಿಜವಾದ ರಕ್ಷಣೆ ಎಂದು ಬೋಧಿಸಿದ ಇವನೇ 1974ರಲ್ಲಿ ಕೊಲೆ ಮತ್ತು ಸುಲಿಗೆಯ ಮೊಕದ್ದಮೆಯಲ್ಲಿ ಅಪರಾಧಿಯಾಗಿ, 1981ರಲ್ಲಿ ಜೈಲಿನಲ್ಲೇ ಸತ್ತ. ಗುರುವಿನ ನಡತೆಯೇ ವಿದ್ಯೆಗೆ ಸಾಕ್ಷಿ ಎನ್ನುವವರು ಈ ಪುಟವನ್ನು ಹಾರಿಸಿ ಓದುವಂತಿಲ್ಲ.

ವರಸೆಗೆ ನಿಜವಾದ ಹದ ಬಂದದ್ದು ಮುಂದಿನವರಿಂದ. ಚೀನೀ ತಂದೆ, ಹವಾಯಿ ತಾಯಿಯ ಮಗ ವಿಲಿಯಂ ಚೌ ನೇರ ಹೊಡೆತಗಳಿಗೆ ಸುತ್ತು ಚಲನೆಗಳನ್ನು ಬೆಸೆದ. ಅವನ ಶಿಷ್ಯ ಅಡ್ರಿಯಾನೊ ಎಂಪೆರಾಡೊ 1947ರ ಸುಮಾರಿಗೆ ಹೊನೊಲುಲುವಿನ ಪಲಾಮಾ ಎಂಬ ಒರಟು ಕೇರಿಯಲ್ಲಿ ಇನ್ನೂ ನಾಲ್ವರೊಡನೆ ಸೇರಿ ಕಾಜುಕೆಂಬೊ ಕಟ್ಟಿದ. ಜೂಡೊ ಬಲ್ಲವನೊಬ್ಬ, ಜುಜುತ್ಸುವಿನವನೊಬ್ಬ, ಕೊರಿಯನ್ ಪದ್ಧತಿಯವನೊಬ್ಬ, ಚೀನೀ ಮುಷ್ಟಿಯುದ್ಧದವನೊಬ್ಬ. ಒಬ್ಬನ ಪಟ್ಟು ಇನ್ನೊಬ್ಬನ ಮೇಲೆ ನಿಲ್ಲದಿದ್ದರೆ ಅದನ್ನು ಬಿಟ್ಟುಬಿಡುವುದು ಅವರ ಕ್ರಮ. ಮೈಕೈ ಮುರಿಸಿಕೊಳ್ಳುವ ಅಭ್ಯಾಸವೆಂದು ಹೆಸರಾದ ಈ ಕವಲಿಗೆ ಪ್ರಾಚೀನತೆಯ ಹಂಗೇ ಬೇಕಾಗಲಿಲ್ಲ. ತಾನು ಎಲ್ಲಿ, ಯಾರಿಂದ, ಯಾಕೆ ಹುಟ್ಟಿದೆ ಎಂದು ಅದು ನೇರವಾಗಿ ಹೇಳಿತು. ಇಡೀ ಪರಂಪರೆಯಲ್ಲಿ ಪ್ರಾಮಾಣಿಕವಾದ ವಂಶಾವಳಿ ಇದೇ.

ಚೌನ ಇನ್ನೊಬ್ಬ ಶಿಷ್ಯ ಎಡ್ ಪಾರ್ಕರ್ 1956ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಶಾಲೆ ತೆರೆದ. 1964ರಲ್ಲಿ ಲಾಂಗ್ ಬೀಚ್‌ನಲ್ಲಿ ಅವನು ನಡೆಸಿದ ಪಂದ್ಯಾವಳಿಯಲ್ಲೇ ಬ್ರೂಸ್ ಲೀ ಅಮೆರಿಕದ ಕಣ್ಣಿಗೆ ಬಿದ್ದದ್ದು. ಪಾರ್ಕರನ ಹೆಚ್ಚುಗಾರಿಕೆ ವಿಶ್ಲೇಷಣೆಯಲ್ಲಿದೆ. ಆರಂಭದ ಒಂದು ಪಟ್ಟು ನೋಡಿ: ಎದುರಾಳಿ ಬಲಗೈಯಿಂದ ಎದೆಯ ಬಟ್ಟೆ ಹಿಡಿದಾಗ ಎಡಗಾಲು ಹಿಂದಿಟ್ಟು, ಬಲಗೈಯಿಂದ ಒಳಮುಖವಾಗಿ ತಡೆದು, ಬಲಗಾಲಿನಿಂದ ತೊಡೆಸಂದಿಗೆ ಒದ್ದು, ಕಾಲು ನೆಲಕ್ಕೆ ಬೀಳುವಾಗಲೇ ಅಂಗೈಯ ಅಂಚಿನಿಂದ ಕುತ್ತಿಗೆಗೆ ಹೊಡೆಯುವುದು. ಇಳಿಯುವ ಮೈಯ ಭಾರವೇ ಹೊಡೆತವಾಗುತ್ತದೆ. ಯಾವ ಚಲನೆಯೂ ದಂಡವಾಗಬಾರದು ಎಂಬ ಲೆಕ್ಕಾಚಾರ ಇಲ್ಲಿ ಕಾಣುತ್ತದೆ, ಕಲಿಯುವವನಿಗೆ ಕಾರಣಸಮೇತ ಅರ್ಥವೂ ಆಗುತ್ತದೆ.

ಕೊರತೆಯೂ ಅಲ್ಲೇ ಇದೆ. ಮೇಲಿನ ಬೆಲ್ಟ್‌ಗಳಿಗೆ ಹೋದಂತೆ ಪಟ್ಟುಗಳು ಉದ್ದವಾಗುತ್ತವೆ. ಜೊತೆಗಾರ ಒಂದು ಗುದ್ದು ಬೀಸಿ ನಿಂತುಬಿಡುತ್ತಾನೆ; ಅಭ್ಯಾಸ ಮಾಡುವವನು ಅವನ ಮೇಲೆ ಏಳೆಂಟು ಹೊಡೆತಗಳನ್ನು ಸುರಿಸುತ್ತಾನೆ. ನಿಂತವನು ತಿರುಗಿ ಹೊಡೆಯುವುದಿಲ್ಲ, ತಳ್ಳುವುದಿಲ್ಲ, ಅಪ್ಪಿ ಕೆಡವುವುದೂ ಇಲ್ಲ. ಪಾರ್ಕರನಿಗೆ ಇದು ಗೊತ್ತಿತ್ತು. ಮೊದಲು ಆದರ್ಶ ರೂಪ, ಆಮೇಲೆ ‘ಹೀಗಾದರೆ?’ ಎಂಬ ಪ್ರಶ್ನೆ, ಕೊನೆಗೆ ತನ್ನದೇ ಜೋಡಣೆ ಎಂದು ಅವನು ಮೂರು ಹಂತ ಇಟ್ಟಿದ್ದ. ಬಹಳ ಕಡೆ ಅಭ್ಯಾಸ ಮೊದಲ ಹಂತದಲ್ಲೇ ನಿಂತು, ಪಟ್ಟು ಬಾಯಿಪಾಠದಂತೆ ಒಪ್ಪಿಸುವ ವಸ್ತುವಾಗಿದೆ.

1990ರಲ್ಲಿ ಪಾರ್ಕರ್ ತೀರಿಕೊಂಡ ಮೇಲೆ ಅವನ ಸಂಘಟನೆ ಒಡೆಯಿತು. ನಿಜವಾದ ವಾರಸುದಾರ ಯಾರೆಂಬ ಜಗಳ ಮತ್ತೆ ವಂಶಾವಳಿಯ ಕಡೆಗೇ ತಿರುಗಿತು. ಪಲಾಮಾದ ಐವರು ಹಾಕಿಕೊಂಡಿದ್ದ ಪರೀಕ್ಷೆ ಇದಕ್ಕಿಂತ ಸರಳ, ಇದಕ್ಕಿಂತ ಕಠಿಣ: ಸುಮ್ಮನೆ ನಿಲ್ಲದ ಎದುರಾಳಿಯ ಮೇಲೆ ಈ ಪಟ್ಟು ನಡೆಯುತ್ತದೆಯೇ? ಈ ಪ್ರಶ್ನೆಗೆ ದಿನವೂ ಉತ್ತರಿಸುವ ಶಾಲೆ ಬೋಧಿಧರ್ಮನ ಪಟವಿಲ್ಲದೆಯೂ ಕೆಂಪೋ ಶಾಲೆಯೇ. ಉತ್ತರಿಸದ ಶಾಲೆಗೆ 21 ಗುರುಗಳ ಹೆಸರಿದ್ದರೂ ಕಲಿಸಲು ಉಳಿಯುವುದು ಹೆಸರುಗಳ ಪಟ್ಟಿ ಮಾತ್ರ.