ಶೃಂಗಾರ-ಬೀಭತ್ಸಗಳ ವಿರೋಧವೂ ‘ವೆರೋಟಿಕಾ’ ಚಿತ್ರಕಥಾಮಾಲೆಯೂ

ಅಮೆರಿಕಾ ದೇಶದ ರಾಕ್ ಗಾಯಕನಾದ ಗ್ಲೆನ್ ಡ್ಯಾನ್‌ಜಿಗ್ ಎಂಬಾತನು 1994ರಲ್ಲಿ ‘ವೆರೋಟಿಕ್’ ಎಂಬ ಪ್ರಕಾಶನಸಂಸ್ಥೆಯನ್ನು ಸ್ಥಾಪಿಸಿ, ‘ವೆರೋಟಿಕಾ’ ಎಂಬ ಭಯಾನಕ ಚಿತ್ರಕಥೆಗಳ ಸಂಕಲನಮಾಲೆಯನ್ನು ಹೊರಡಿಸಿದನು. ಪ್ರೌಢವಯಸ್ಕರಿಗೆಂದೇ ಉದ್ದಿಷ್ಟವಾದ ಈ ಮಾಲೆಯಲ್ಲಿ ಆತನೇ ರಚಿಸಿದ ಬಿಡಿಕಥೆಗಳೂ ಅನ್ಯರ ಕಥೆಗಳೂ ಉಂಟು. ಮಾಲೆಯ ಹೆಸರೇ ಅದರ ಪ್ರತಿಜ್ಞೆಯಾಗಿರುವುದು. ಹಿಂಸೆಯೆಂಬರ್ಥದ ‘ವಯಲೆನ್ಸ್’, ಕಾಮಸಂಬಂಧಿಯೆಂಬರ್ಥದ ‘ಎರೋಟಿಕ್’ ಎಂಬೆರಡು ಇಂಗ್ಲಿಷು ಶಬ್ದಗಳನ್ನು ಬೆಸೆದು ಮಾಡಿದ ಪದವಿದು. ಭರತಮುನಿಯು ಶೃಂಗಾರಕ್ಕೆ ವ್ಯಭಿಚಾರಿಭಾವಗಳನ್ನು ಹೇಳುವಲ್ಲಿ ಆಲಸ್ಯ, ಔಗ್ರ್ಯ, ಜುಗುಪ್ಸೆ ಎಂಬ ಮೂರನ್ನು ವರ್ಜಿಸಬೇಕೆಂದು ವಿಧಿಸಿರುವನು. ಡ್ಯಾನ್‌ಜಿಗನಾದರೋ ಔಗ್ರ್ಯವನ್ನು ಹೆಸರಿನಲ್ಲಿಯೂ ಜುಗುಪ್ಸೆಯನ್ನು ಕಥೆಯಲ್ಲಿಯೂ ತಂದಿರಿಸಿ, ಆಲಸ್ಯವೊಂದನ್ನು ಮಾತ್ರ ಹೊರಗೆ ನಿಲ್ಲಿಸಿದನು. ಶಾಸ್ತ್ರಕಾರರು ಕೂಡದೆಂದ ಈ ಸಂಯೋಗದಿಂದ ರಸನಿಷ್ಪತ್ತಿಯಾಗುವುದೋ ಇಲ್ಲವೋ ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ. ಸಭ್ಯಾಸಭ್ಯತೆಗಳ ಚರ್ಚೆಯು ಇದಕ್ಕಿಂತ ಬೇರೆ. ಅದನ್ನು ಆ ದೇಶದವರೇ ಬೇಕಾದಷ್ಟು ನಡೆಸಿರುವರು.

ಆ ಚರ್ಚೆಯ ವೃತ್ತಾಂತವನ್ನು ಸ್ವಲ್ಪ ತಿಳಿಯದೆ ಈ ಮಾಲೆಯ ಸ್ವರೂಪವು ಸ್ಪಷ್ಟವಾಗದು. ಭಯಾನಕ ಬಿಡಿಕಥೆಗಳ ಚಿತ್ರಸಂಕಲನಕ್ಕೆ ಮೇಲ್ಪಂಕ್ತಿಯಾದವು 1950ರಲ್ಲಿ ಮೊದಲಾದ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ ಮುಂತಾದ ಈ.ಸಿ. ಸಂಸ್ಥೆಯ ಪತ್ರಿಕೆಗಳು. ಸಂಸ್ಥೆಯ ಒಡೆಯನಾದ ವಿಲಿಯಂ ಗೇನ್ಸನು 1954ನೆಯ ಏಪ್ರಿಲಿನಲ್ಲಿ ಸೆನೆಟ್ ಸಭೆಯ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದನು. ಕಡಿದ ಸ್ತ್ರೀಶಿರಸ್ಸನ್ನು ಕೂದಲು ಹಿಡಿದೆತ್ತಿದ ಒಂದು ಮುಖಪುಟವನ್ನು ತೋರಿಸಿ, ಇದು ಸದಭಿರುಚಿಯೇ ಎಂದು ಕೇಳಲಾಯಿತು. ಭಯಾನಕ ಪತ್ರಿಕೆಯ ಮುಖಪುಟಕ್ಕೆ ಅಹುದು. ತಲೆಯನ್ನು ಇನ್ನೂ ಮೇಲೆತ್ತಿ ಕತ್ತಿನಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಅಲ್ಲ ಎಂಬ ಅಭಿಪ್ರಾಯದ ಉತ್ತರವನ್ನು ಆತನು ಕೊಟ್ಟನು. ಈ ಉತ್ತರವು ಬಹುಕಾಲ ಪರಿಹಾಸಕ್ಕೆ ಗುರಿಯಾಗಿರುವುದು. ಆದರೆ ಔಚಿತ್ಯವಿಚಾರಚರ್ಚೆಯನ್ನು ಬರೆದ ಕ್ಷೇಮೇಂದ್ರನು ಆ ಸಭೆಯಲ್ಲಿದ್ದಿದ್ದರೆ ನಗುತ್ತಿರಲಿಲ್ಲ. ಬೀಭತ್ಸಕ್ಕೂ ಒಂದು ಮೇರೆಯುಂಟು, ಅದನ್ನು ಅಂಗುಲಗಳಲ್ಲಿ ಅಳೆಯಬೇಕಾಗುವುದುಂಟು ಎಂಬ ಮಾತಿನಲ್ಲಿ ತಪ್ಪೇನು? ಅದೇ ವರ್ಷ ಪ್ರಕಾಶಕರು ತಾವೇ ಒಂದು ನಿಯಮಾವಳಿಯನ್ನು ಮಾಡಿಕೊಂಡುದರಿಂದ ಆ ಪತ್ರಿಕೆಗಳು ನಿಂತುಹೋದವು. ಮುಂದೆ ಚಿತ್ರಕಥೆಗಳಿಗೆಂದೇ ಅಂಗಡಿಗಳು ಹುಟ್ಟಿ, ನಿಯಮಾವಳಿಯ ಮುದ್ರೆಯಿಲ್ಲದ ಪುಸ್ತಕಗಳಿಗೂ ಮಾರಾಟವಾಗುವ ಮಾರ್ಗ ದೊರೆಯಿತು. ‘ವೆರೋಟಿಕಾ’ ಬಂದುದು ಈ ಮಾರ್ಗದಿಂದ.

ಈ.ಸಿ. ಕಥೆಗಳಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಅಲ್ಲಿ ಕಥೆಯನ್ನು ಒಬ್ಬ ನಿರೂಪಕನು, ನೆಲಮಾಳಿಗೆಯ ಮುದುಕನೋ ಮಾಟಗಾತಿಯೋ, ಶ್ಲೇಷೆಯ ಮಾತುಗಳಿಂದ ತೆರೆದು ಶ್ಲೇಷೆಯಿಂದಲೇ ಮುಚ್ಚುವನು. ಸೂತ್ರಧಾರನ ಕೆಲಸವನ್ನೂ ವಿದೂಷಕನ ಕೆಲಸವನ್ನೂ ಆತನೊಬ್ಬನೇ ನಿರ್ವಹಿಸುವನು. ಶವವು ಗೋರಿಯಿಂದೆದ್ದು ಕೊಲೆಗಡುಕನನ್ನು ಹಿಡಿಯುವಾಗ ಹುಟ್ಟುವ ಜುಗುಪ್ಸೆಗೂ ವಾಚಕನ ಚಿತ್ತಕ್ಕೂ ನಡುವೆ ಹಾಸ್ಯವು ನಿಂತಿರುವುದರಿಂದ ಉದ್ವೇಗವು ಆಸ್ವಾದಕ್ಕೆ ಒದಗುವುದು.

ಶೃಂಗಾರ-ಬೀಭತ್ಸಗಳು ಪರಸ್ಪರ ವಿರೋಧಿಗಳೆಂಬುದು ಆಲಂಕಾರಿಕರ ಸಮ್ಮತ. ಇಲ್ಲಿ ಒಂದು ಆಕ್ಷೇಪ: ಹಾಗಾದರೆ ಭವಭೂತಿಯು ಮಾಲತೀಮಾಧವದ ಐದನೆಯ ಅಂಕದಲ್ಲಿ ಪ್ರಣಯಿಯನ್ನು ಶ್ಮಶಾನಕ್ಕೆ ಕರೆತಂದು, ಪಿಶಾಚಗಳಿಗೆ ನರಮಾಂಸವನ್ನು ವಿಕ್ರಯಿಸಲು ಹೊರಡಿಸಿದುದು ಹೇಗೆ? ಸಮಾಧಾನವಿದು. ಅಲ್ಲಿ ಬೀಭತ್ಸಕ್ಕೆ ಆಲಂಬನವು ಪಿಶಾಚಗಳು, ರತಿಗೆ ಆಲಂಬನವು ಮಾಲತಿ. ಕಣ್ಣು ಒಂದರಿಂದ ಮತ್ತೊಂದಕ್ಕೆ ಹೊರಳುವ ಮೊದಲು ಕಾಪಾಲಿಕನಾದ ಅಘೋರಘಂಟನ ಖಡ್ಗವೂ ಮಾಧವನ ವೀರವೂ ಅಡ್ಡ ಬರುವವು. ಮಾಲತಿಯ ದೇಹವು ಒಂದು ಕ್ಷಣವೂ ಜುಗುಪ್ಸೆಗೆ ವಿಷಯವಾಗದು. ಇನ್ನು ಆನಂದವರ್ಧನನು ಎತ್ತಿಕೊಂಡ ಸ್ತ್ರೀಪರ್ವದ ಉದಾಹರಣೆಯಂತೂ ಪ್ರಸಿದ್ಧವಾಗಿದೆ. ರಣದಲ್ಲಿ ಬಿದ್ದ ಭೂರಿಶ್ರವಸ್ಸಿನ ಕಡಿದ ಕೈಯನ್ನು ಅಂಕದಲ್ಲಿಟ್ಟುಕೊಂಡು, ಅದು ಹಿಂದೆ ನಡೆಸಿದ ಪ್ರಣಯಚೇಷ್ಟೆಗಳನ್ನು ಆತನ ಪತ್ನಿಯು ನೆನೆವಳು. ಛಿನ್ನವಾದ ಅಂಗವೂ ರತಿಯ ಸ್ಮರಣೆಯೂ ಒಂದೇ ಕಡೆ ಇವೆ. ವೆರೋಟಿಕದ ಸಾಮಗ್ರಿಯೂ ಇದಕ್ಕಿಂತ ಬೇರೆಯಲ್ಲ. ಆದರೂ ಅಲ್ಲಿ ಶೃಂಗಾರವು ಕರುಣಕ್ಕೆ ಅಂಗವಾಗಿ ಅದನ್ನು ಪೋಷಿಸುವುದೇ ಹೊರತು ತಾನಾಗಿ ತಲೆಯೆತ್ತದು. ಆದುದರಿಂದ ಶಾಸ್ತ್ರವು ನಿಷೇಧಿಸಿದುದು ಎರಡು ರಸಗಳ ಸಹವಾಸವನ್ನಲ್ಲ, ಎರಡಕ್ಕೂ ಸಮವಾದ ಪ್ರಾಧಾನ್ಯವನ್ನು.

ಡ್ಯಾನ್‌ಜಿಗನ ಕಥೆಗಳು ಕೆಡುವುದು ಇಲ್ಲಿಯೇ. ಚಿತ್ರವೆಂಬ ಮಾಧ್ಯಮವು ಕೇಡನ್ನು ಇಮ್ಮಡಿಸುವುದು. ಶಬ್ದವು ಕೇಳಿ ಕಳೆದುಹೋಗುವುದು. ಮುದ್ರಿತ ಚಿತ್ರವಾದರೋ ವಾಚಕನು ಪುಟವನ್ನು ಮಗುಚುವವರೆಗೆ ಅಲ್ಲಿಯೇ ಇರುವುದು. ನಾಯಿಕೆಯ ಮೈಯನ್ನು ವರ್ಣಿಸಿದ ರೇಖೆಯೇ ಅದೇ ನುಣುಪಿನಿಂದ, ಅದೇ ಆದರದಿಂದ ಅವಳ ಗಾಯವನ್ನೂ ವರ್ಣಿಸಿದರೆ ಕಣ್ಣಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ಸರಿಯಬೇಕೆಂಬ ಸೂಚನೆಯೇ ಇರದು. ಹೀಗೆಂದ ಮಾತ್ರಕ್ಕೆ ಈತನಿಗೆ ಚಿತ್ರವಿವೇಕವಿಲ್ಲವೆಂದು ಭಾವಿಸಬಾರದು. ಫ್ರಾಂಕ್ ಫ್ರಜೆಟಾನಂತಹ ವರ್ಣಚಿತ್ರಕಾರನ, ಸೈಮನ್ ಬಿಸ್ಲೆಯಂತಹ ಚಿತ್ರಕಾರನ ಕೃತಿಗಳನ್ನು ತನ್ನ ಸಂಸ್ಥೆಯ ಪುಸ್ತಕಗಳಿಗೆ ಒದಗಿಸಿಕೊಂಡವನೀತ. ಜಪಾನಿನ ಗೋ ನಾಗಾಯಿಯ ‘ಡೆವಿಲ್‌ಮ್ಯಾನ್’ ಕಥೆಯನ್ನು ಇಂಗ್ಲಿಷಿನಲ್ಲಿ ಹೊರತಂದವನು. ಆತನ ಸಂಗೀತಮೇಳದ ಲಾಂಛನವಾದ ಕೋಡುಳ್ಳ ಕಪಾಲವು ಕೂಡ ಮೈಕೆಲ್ ಗೋಲ್ಡನ್ ಎಂಬಾತನು ಮಾರ್ವೆಲ್ ಸಂಸ್ಥೆಯ ಒಂದು ಚಿತ್ರಕಥೆಯ ಮುಖಪುಟಕ್ಕೆ ಬರೆದ ಚಿತ್ರದಿಂದ ಬಂದುದು. ಸಾಮಗ್ರಿಗೆ ಕೊರತೆಯಿರಲಿಲ್ಲ, ಅಂಗಾಂಗಿಭಾವದ ಜ್ಞಾನಕ್ಕೆ ಕೊರತೆಯಾಯಿತು.

ಈ ಮಾತಿಗೆ ಪ್ರಮಾಣವು ತನ್ನ ಚಿತ್ರಕಥೆಗಳನ್ನಾಧರಿಸಿ ಡ್ಯಾನ್‌ಜಿಗನೇ ನಿರ್ದೇಶಿಸಿ, ಇದೇ ಹೆಸರಿನಿಂದ 2019ರಲ್ಲಿ ಪ್ರದರ್ಶಿಸಿದ ಚಲನಚಿತ್ರದಲ್ಲಿ ದೊರೆಯುವುದು. ಅದರಲ್ಲಿ ಮೂರು ಕಥೆಗಳು. ಮೊದಲನೆಯದರ ನಾಯಿಕೆಯಾದ ಡಜೆಟ್ಟಳಿಗೆ ಸ್ತನಾಗ್ರಗಳ ಸ್ಥಾನದಲ್ಲಿ ಕಣ್ಣುಗಳು. ಆ ಕಣ್ಣೀರು ಬಿದ್ದ ಬಿಳಿಯ ಜೇಡವೊಂದು ಮನುಷ್ಯಾಕೃತಿಯನ್ನು ತಾಳಿ, ಅವಳು ನಿದ್ರಿಸಿದಾಗಲೆಲ್ಲ ಹೊರಟು ಸ್ತ್ರೀಯರನ್ನು ಕೊಲ್ಲುವುದು. ತಾನು ಮಲಗಿದರೆ ಮತ್ತೊಬ್ಬಳು ಸಾಯುವಳೆಂದು ಎಚ್ಚರವಾಗಿರಲು ಹೆಣಗುವ ಹೆಣ್ಣು! ಭಯಾನಕಕ್ಕೆ ಇದಕ್ಕಿಂತ ಉತ್ತಮವಾದ ಬೀಜವನ್ನು ಪ್ರೌಢಕವಿಯೂ ಕಲ್ಪಿಸಲಾರನು. ಆ ಜಾಗರಣೆಯೊಂದನ್ನೇ ಪ್ರಧಾನವಾಗಿ ಹಿಡಿದಿದ್ದರೆ ಸಾಕಾಗಿತ್ತು. ಕಥಾಕಾರನ ಲಕ್ಷ್ಯವು ಮತ್ತೆ ಮತ್ತೆ ದೇಹಪ್ರದರ್ಶನದ ಕಡೆಗೆ ಜಾರಿ, ಬೀಜವು ಬೀಜವಾಗಿಯೇ ಉಳಿದುಹೋಯಿತು. ಎರಡನೆಯದು ಅನ್ಯಸ್ತ್ರೀಯರ ಮುಖಚರ್ಮವನ್ನು ಕೊಯ್ದು ಒಯ್ಯುವ ನರ್ತಕಿಯ ಕಥೆ. ಅದರಲ್ಲಿ ಹೇಳತಕ್ಕ ವಿಶೇಷವಿಲ್ಲ. ಮೂರನೆಯದು ಕನ್ಯೆಯರ ರಕ್ತದಲ್ಲಿ ಮೀಯುವ ದ್ರುಕಿಯಾ ಎಂಬ ಪ್ರಭುಪತ್ನಿಯದು. ಹಂಗೇರಿಯ ಎಲಿಜಬೆತ್ ಬಾತೋರಿಯ ವಿಷಯವಾಗಿ ಹಬ್ಬಿದ ಐತಿಹ್ಯದ ಛಾಯೆ ಇದರಲ್ಲಿದೆ. ಅವಳು ಮೀಯುವುದೂ ಕನ್ನಡಿ ನೋಡಿಕೊಳ್ಳುವುದೂ ಮುಗಿಯುವುದೇ ಇಲ್ಲ. ಮೊದಲು ಹೊರಗೆ ನಿಲ್ಲಿಸಿದ್ದ ಆಲಸ್ಯವೂ ಇಲ್ಲಿ ಒಳಹೊಕ್ಕಿತು. ಕಥೆಗಳನ್ನು ಪರಿಚಯಿಸಲು ಮೊರೆಲ್ಲಾ ಎಂಬ ನಿರೂಪಕಿಯುಂಟು. ಆದರೆ ಅವಳು ಆರಂಭದಲ್ಲಿಯೇ ಬಂಧಿತಳಾದ ತರುಣಿಯೊಬ್ಬಳ ಕಣ್ಣು ಕೀಳುವಳು. ನಡುವೆ ನಿಂತು ಬೀಭತ್ಸವನ್ನು ತಡೆಯಬೇಕಾದವಳೇ ಅದಕ್ಕೆ ಆಶ್ರಯಳಾದರೆ ವ್ಯವಧಾನವೆಲ್ಲಿಯದು?

ಷಿಕಾಗೋ ನಗರದಲ್ಲಿ ಇದರ ಪ್ರಥಮ ಪ್ರದರ್ಶನವಾದಾಗ ಪ್ರೇಕ್ಷಕರು ನಕ್ಕರು. ಕಥಾಕಾರನು ಅಪೇಕ್ಷಿಸದ ಎಡೆಗಳಲ್ಲಿಯೂ ನಕ್ಕರು. ಇದನ್ನು ನಟರ ಅಪಾಟವಕ್ಕೂ ತಾಂತ್ರಿಕ ದೋಷಗಳಿಗೂ ಆರೋಪಿಸುವವರುಂಟು. ಅವೂ ಇರಬಹುದು. ಆದರೆ ಸೀತೆಯಲ್ಲಿ ರಾವಣನಿಗುಂಟಾದ ರತಿಯನ್ನು ಉದಾಹರಿಸಿ, ಶೃಂಗಾರದ ಆಭಾಸವು ಹಾಸ್ಯದಲ್ಲಿ ಪರ್ಯವಸಾನವಾಗುವುದೆಂದು ಅಭಿನವಗುಪ್ತನು ವಿವರಿಸಿರುವುದನ್ನು ಬಲ್ಲವರಿಗೆ ಆ ನಗೆಯು ಅನಿರೀಕ್ಷಿತವೆನಿಸದು.

ಇದೇ ಡ್ಯಾನ್‌ಜಿಗನು 1977ರಿಂದ 1983ರವರೆಗೆ ‘ಮಿಸ್‌ಫಿಟ್ಸ್’ ಮೇಳದಲ್ಲಿ ಹಾಡುತ್ತಿದ್ದಾಗ ಶವ, ಪಿಶಾಚ, ರಕ್ತಪಾಯಿಗಳನ್ನೇ ವಸ್ತುವಾಗಿ ಮಾಡಿಕೊಂಡು, ಬಹುಮಟ್ಟಿಗೆ ಎರಡು ನಿಮಿಷವನ್ನೂ ಮೀರದ ಹಾಡುಗಳನ್ನು ಕಟ್ಟಿದನು. ಅವುಗಳನ್ನು ಕೇಳಿ ಯಾರೂ ಪರಿಹಾಸಮಾಡಲಿಲ್ಲ. ಅಲ್ಲಿ ರಾಗದ ಉತ್ಸಾಹವು ಅಂಗಿ, ಬೀಭತ್ಸವು ಅಂಗ. ಜುಗುಪ್ಸೆಯು ಬೇರೂರುವ ಮೊದಲೇ ಹಾಡು ಮುಗಿಯುವುದು. ಆತನ ಸಂಸ್ಥೆಯೇ 1995ರಿಂದ ಪ್ರಕಟಿಸಿದ, ನ್ಯಾನ್ಸಿ ಕಾಲಿನ್ಸ್ ಎಂಬ ಲೇಖಕಿಯ ಕಾದಂಬರಿಯನ್ನಾಧರಿಸಿದ ‘ಸನ್‌ಗ್ಲಾಸಸ್ ಆಫ್ಟರ್ ಡಾರ್ಕ್’ ಚಿತ್ರಕಥೆಯನ್ನೂ ಇದರೊಡನೆ ಪರಿಶೀಲಿಸಬಹುದು. ರಕ್ತಪಾಯಿಯ ಬಲಾತ್ಕಾರಕ್ಕೆ ಸಿಕ್ಕಿ ತಾನೂ ರಕ್ತಪಾಯಿಯಾದ ಸೋನ್ಯಾ ಬ್ಲೂ ಎಂಬವಳು ತನ್ನನ್ನು ಕೆಡಿಸಿದ ಜಾತಿಯನ್ನೇ ಬೇಟೆಯಾಡುವಳು. ಕಾಮವೂ ಹಿಂಸೆಯೂ ಅಲ್ಲಿ ಕಡಿಮೆಯಿಲ್ಲ. ಆದರೆ ಅವೆರಡೂ ಅವಳ ಕ್ರೋಧಕ್ಕೆ ವಿಭಾವಗಳಾಗಿ ನಿಲ್ಲುವವು. ಗಾಯವನ್ನು ನೋಡುವ ಕಣ್ಣು ಗಾಯಗೊಂಡವಳದೇ ಆಗಿರುವುದು.