ಮದಲಿಂಗನು ರಂಗಕ್ಕೆ ಬರುವ ತನಕ

ಉಡುಪಿ ಸೀಮೆಯಲ್ಲಿ 'ಪ್ರಮೀಳಾರ್ಜುನ' ಪ್ರಸಂಗವನ್ನು ಒಮ್ಮೆಯಾದರೂ ನೋಡಿದವರಿಗೆ ಸ್ತ್ರೀರಾಜ್ಯದ ಪರಿಚಯವಿದೆ. ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕ ನಮ್ಮವರಿಗೆ ಚಿರಪರಿಚಿತವಾದ ಈ ಕಥೆಯಲ್ಲಿ ಅಶ್ವಮೇಧದ ಕುದುರೆಯು ಹೆಂಗಸರೇ ಆಳುವ ನಾಡನ್ನು ಹೊಗುತ್ತದೆ. ರಾಣಿ ಪ್ರಮೀಳೆಯು ಅದನ್ನು ಕಟ್ಟಿಹಾಕುತ್ತಾಳೆ, ಅರ್ಜುನನು ಯುದ್ಧಕ್ಕೆ ನಿಲ್ಲುತ್ತಾನೆ, ಅಶರೀರವಾಣಿ ಅವನನ್ನು ತಡೆಯುತ್ತದೆ, ಕೊನೆಗೆ ವಿವಾಹ ಗೊತ್ತಾಗುತ್ತದೆ. ಕಸೆ ಸ್ತ್ರೀವೇಷದ ಪ್ರಮೀಳೆಯು ರಂಗಸ್ಥಳಕ್ಕೆ ಬರುವ ಗತ್ತನ್ನೂ ಅರ್ಜುನನೊಡನೆ ಅವಳು ನಡೆಸುವ ಮಾತಿನ ಸಮರವನ್ನೂ ನಾವು ಬಹುಕಾಲ ಮೆಚ್ಚಿದ್ದೇವೆ. ಆದರೆ ಕುದುರೆ ಬರುವುದಕ್ಕೆ ಮುಂಚೆ ಆ ನಾಡಿನ ಹೆಂಗಸರು ಒಬ್ಬರಿಗೊಬ್ಬರು ಏನಾಗಿದ್ದರು ಎಂಬ ಪ್ರಶ್ನೆಯನ್ನು ಪ್ರಸಂಗವು ಕೇಳುವುದಿಲ್ಲ. ನೋಡುತ್ತ ಕುಳಿತ ನಾವೂ ಕೇಳಲಿಲ್ಲ. ಮೀನಾಕ್ಷಿ ಕಲ್ಯಾಣದಲ್ಲಂತೂ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಗಂಡಿನಂತೆ ಬೆಳೆದ ರಾಜಕುಮಾರಿಯ ಮೂರನೆಯ ಸ್ತನವು ವರನನ್ನು ಕಂಡ ಕ್ಷಣದಲ್ಲಿ ಮಾಯವಾಗುತ್ತದೆ. ಅಲ್ಲಿ ಮಾತು ಸೋಲುವುದಕ್ಕೆ ಮೊದಲೇ ದೇಹವು ಶರಣಾಗುತ್ತದೆ.

ರಂಗಭೂಮಿಯಲ್ಲಿ ಸಲಿಂಗಪ್ರೇಮಿ ಸ್ತ್ರೀಯರ ಗೋಚರತೆಯನ್ನು ಕುರಿತು ಬರೆಯಹೊರಟ ನಾವು ಯಕ್ಷಗಾನದಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಪ್ರಸಂಗವೆಂಬ ಪದವು ಅವರಿಗೂ ನಮಗೂ ಸಮಾನವಾದದ್ದು. ಅವರು ರಂಗಸ್ಥಳದಲ್ಲಿ ಆಡುವುದೂ ಪ್ರಸಂಗ, ನಾವು ಪೀಠದಿಂದ ಮಾಡುವುದೂ ಪ್ರಸಂಗ. ಒಂದು ಊರು ಯಾವುದನ್ನು ನೋಡಲು ಸಿದ್ಧವಿದೆ, ಯಾವುದನ್ನು ನೋಡಿಯೂ ಕಾಣದಂತಿರಲು ಸಿದ್ಧವಿದೆ ಎಂಬುದನ್ನು ತಿಳಿಯಲು ಇವೆರಡೂ ಒಳ್ಳೆಯ ಸ್ಥಳಗಳು.

ಕರಾವಳಿಯ ರಂಗಸ್ಥಳದಲ್ಲಿ ತಲೆಮಾರುಗಳಿಂದ ಪುರುಷನೇ ಪ್ರಮೀಳೆ, ಪುರುಷನೇ ಅರ್ಜುನ. ಹಾಡುಗಾರಿಕೆಯಲ್ಲಿ ಲೀಲಾವತಿ ಬೈಪಡಿತ್ತಾಯರು ವೃತ್ತಿಮೇಳಗಳ ಭಾಗವತಿಕೆಯ ಸ್ಥಾನಕ್ಕೇರಿ ಹೆಂಗಸರಿಗೆ ದಾರಿ ತೆರೆದರು. ಈಗ ಕಾಪು, ಕಾರ್ಕಳ, ಉಡುಪಿಗಳ ಕಡೆ ಹವ್ಯಾಸಿ ಮಹಿಳಾ ತಂಡಗಳ ಆಟವು ಅಪರೂಪವೇನಲ್ಲ. ಅಂಥ ತಂಡವೊಂದು 'ಪ್ರಮೀಳಾರ್ಜುನ'ವನ್ನು ಆಡಿದಾಗ ಆಗುವುದನ್ನು ಗಮನಿಸಬೇಕು. ಇಬ್ಬರು ಹೆಂಗಸರು ಪರಸ್ಪರ ಒಲಿಯುತ್ತಾರೆ, ಕೈಹಿಡಿಯುತ್ತಾರೆ. ತಾಯಂದಿರು, ಅತ್ತೆಯಂದಿರು, ಮಕ್ಕಳು ಕುಳಿತ ಸಭೆಯು ಸಂತೋಷದಿಂದ ಚಪ್ಪಾಳೆ ತಟ್ಟುತ್ತದೆ. ಕಣ್ಣು ಇಬ್ಬರು ಹೆಂಗಸರನ್ನು ಕಂಡರೂ ಮನಸ್ಸು ಗಂಡಹೆಂಡಿರನ್ನು ಕಾಣುತ್ತದೆ. ಕಿರೀಟವೂ ಮೀಸೆಯೂ ಇರುವ ತನಕ ಯಾರಿಗೂ ಕಸಿವಿಸಿಯಿಲ್ಲ. ಚೌಕಿಯಲ್ಲಿ ಬಣ್ಣ ಕಳಚಿದ ಮೇಲೆ ಅದೇ ಇಬ್ಬರು ಅದೇ ಕೈಯನ್ನು ಹಿಡಿದರೆ? ನಮ್ಮ ರಂಗಭೂಮಿಯು ಈ ಪ್ರಶ್ನೆಯ ಹೊಸಿಲನ್ನು ದಾಟಿದ್ದು ಕಡಿಮೆ.

ದಾಟಿದ ನಾಟಕವೊಂದು ನೆರೆಯ ಮರಾಠಿಯಲ್ಲಿದೆ. ವಿಜಯ ತೆಂಡೂಲ್ಕರರ 'ಮಿತ್ರಾಚೀ ಗೋಷ್ಟ' 1981ರಲ್ಲಿ ರಂಗಕ್ಕೆ ಬಂದಿತು. ನಾಯಕಿ ಮಿತ್ರಾಳ ಪಾತ್ರವನ್ನು ರೋಹಿಣಿ ಹಟ್ಟಂಗಡಿ ವಹಿಸಿದರು. ಮಿತ್ರಾ ಕಾಲೇಜಿನ ನಾಟಕವೊಂದರಲ್ಲಿ ಗಂಡಿನ ಪಾತ್ರ ಮಾಡುತ್ತಾಳೆ, ನಾಯಿಕೆಯಾಗಿ ನಟಿಸಿದ ನಮಾಳನ್ನು ಪ್ರೀತಿಸತೊಡಗುತ್ತಾಳೆ. ವೇಷವು ಕೊಟ್ಟ ಅನುಮತಿಯು ವೇಷ ಕಳಚಿದ ಮೇಲೂ ಅವಳಲ್ಲಿ ಉಳಿದುಬಿಡುತ್ತದೆ. ನಮ್ಮ ಮಹಿಳಾ ತಂಡಗಳ ಚೌಕಿಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ತೆಂಡೂಲ್ಕರರು ನೇರವಾಗಿ ಎತ್ತಿಕೊಂಡಿದ್ದಾರೆ. ಆ ಧೈರ್ಯಕ್ಕೆ ನಮ್ಮ ಗೌರವವಿದೆ. ಆದರೂ ಎರಡು ಆಕ್ಷೇಪಗಳನ್ನು ಹೇಳಲೇಬೇಕು. ಒಂದು, ಮಿತ್ರಾಳ ಕಥೆಯನ್ನು ಹೇಳುವವನು ಬಾಪು ಎಂಬ ಗೆಳೆಯ. ಅವನ ಕನಿಕರದ ಕಿಟಕಿಯಿಂದಲ್ಲದೆ ನಮಗೆ ಅವಳು ಕಾಣುವುದಿಲ್ಲ. ತನ್ನ ಬದುಕಿನ ಭಾಗವತಿಕೆಯೂ ಅವಳಿಗೆ ದಕ್ಕಲಿಲ್ಲ. ಇನ್ನೊಂದು, ಅವಳು ಕೊನೆಗೆ ಸಾಯುತ್ತಾಳೆ. ಅಮೆರಿಕದಲ್ಲಿ ಲಿಲಿಯನ್ ಹೆಲ್ಮನ್ 1934ರಲ್ಲಿ ರಂಗಕ್ಕೆ ತಂದ 'ದ ಚಿಲ್ಡ್ರನ್ಸ್ ಅವರ್' ನಾಟಕದಲ್ಲಿ ಗೆಳತಿಯ ಮೇಲಿನ ತನ್ನ ಪ್ರೀತಿಯನ್ನು ಒಪ್ಪಿಕೊಂಡ ಅಧ್ಯಾಪಕಿ ಮಾರ್ಥಾಳಿಗೂ ಇದೇ ಗತಿ. ಅರ್ಧ ಶತಮಾನವೂ ಎರಡು ಖಂಡಗಳೂ ನಡುವೆ ಇದ್ದರೂ ತೀರ್ಪು ಒಂದೇ ಎಂಬುದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಇಂಥವಳು ಪ್ರೇಕ್ಷಕರ ಕಣ್ಣಿಗೆ ಬೀಳಬಹುದು, ಆದರೆ ಪರದೆ ಬೀಳುವಾಗ ಬದುಕಿರಬಾರದು. ಯಕ್ಷಗಾನದಲ್ಲಿ ಮದುವೆಯು ಮಾಡುವ ಕೆಲಸವನ್ನು ಆಧುನಿಕ ನಾಟಕದಲ್ಲಿ ಮರಣವು ಮಾಡುತ್ತದೆ.

ದೀಪಾ ಮೆಹ್ತಾರ 'ಫೈರ್' ಚಿತ್ರವು ರಾಧಾ ಮತ್ತು ಸೀತಾ ಎಂಬ ಇಬ್ಬರು ಸೊಸೆಯರನ್ನು ಕೊನೆಯ ದೃಶ್ಯದಲ್ಲಿ ಬದುಕಿಸಿ, ಜೊತೆಗೂಡಿಸಿತು. 1998ರ ಡಿಸೆಂಬರಿನಲ್ಲಿ ಮುಂಬಯಿಯ ಚಿತ್ರಮಂದಿರಗಳ ಮೇಲೆ ದಾಳಿ ನಡೆದುದಕ್ಕೆ ಅವರು ಬದುಕುಳಿದುದೂ ಒಂದು ಕಾರಣವಾಗಿರಬಹುದೇ ಎಂದು ನಾವು ಶಂಕಿಸುತ್ತೇವೆ.

ಕನ್ನಡಕ್ಕೆ ಬರೋಣ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡವು ಅದನ್ನು ರಂಗಕ್ಕೇರಿಸಿ ಊರೂರು ಸುತ್ತಿತು. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಪ್ರಕಟವಾದಾಗ ಪುರುಷರ ನಡುವಣ ಪ್ರೇಮಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರೂ ಮುಖವೂ ದೊರೆತವು. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಇಂಥ ಹೆಸರುವಾಸಿಯಾದ ಕೃತಿಯೊಂದು ನಮ್ಮ ರಂಗಭೂಮಿಯಲ್ಲಿ ಇಲ್ಲ. ಇದ್ದುದರಲ್ಲಿ ಹತ್ತಿರದ್ದು ವೈದೇಹಿಯವರ ಲೋಕ. ಮಣಿಪಾಲದಲ್ಲಿ ನೆಲೆಸಿರುವ ಈ ಲೇಖಕಿಯ ಅಕ್ಕು, ಅಮ್ಮಚ್ಚಿ, ಪುಟ್ಟಮ್ಮತ್ತೆಯರು ಚಂಪಾ ಶೆಟ್ಟಿಯವರ ಕೈಯಲ್ಲಿ ಮೊದಲು ನಾಟಕವಾಗಿ, 2018ರಲ್ಲಿ 'ಅಮ್ಮಚ್ಚಿಯೆಂಬ ನೆನಪು' ಎಂಬ ಚಲನಚಿತ್ರವಾಗಿ ಬಂದರು. ಅಮ್ಮಚ್ಚಿಯ ಬದುಕಿನಲ್ಲಿ ಗೆಳತಿಯು ಬೆಳಕು, ಹಿರಿಯರು ಗೊತ್ತುಮಾಡಿದ ವೆಂಕಪ್ಪಯ್ಯನು ನೆರಳು. ಇದನ್ನು ಸಲಿಂಗಪ್ರೇಮದ ಕಥೆಯೆಂದು ಕರೆದರೆ ಕೃತಿಗೆ ಅನ್ಯಾಯವಾದೀತು. ನಾವು ಹಾಗೆ ಕರೆಯುವುದಿಲ್ಲ. ಹೆಂಗಸರ ನಡುವಣ ಆಪ್ತತೆಯೇ ಒಂದು ಕಥೆಯ ಭಾರವನ್ನು ಹೊರಬಲ್ಲುದೆಂದು ಈ ಮಣ್ಣಿನ ಲೇಖಕಿಯೊಬ್ಬರು ತೋರಿಸಿದ್ದಾರೆ ಎಂಬಷ್ಟನ್ನೇ ಹೇಳುತ್ತೇವೆ.

ಇಷ್ಟೊಂದು ರಂಗಚಟುವಟಿಕೆಯ ಜಿಲ್ಲೆಯಲ್ಲಿ ಈ ಮೌನವೇಕೆ? ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ 'ರಂಗಭೂಮಿ' ಸಂಸ್ಥೆಯ ನಾಟಕ ಸ್ಪರ್ಧೆ ನಡೆಯುತ್ತದೆ. ಕಾರ್ಕಳದಲ್ಲಿ ಯಕ್ಷ ರಂಗಾಯಣವಿದೆ. (ಆ ಮಂಟಪಕ್ಕೆ ಹೆಸರು ಕೊಟ್ಟ ನಂದಳಿಕೆಯ ಕವಿಯೂ ತನ್ನ ಕೃತಿಗಳನ್ನು ಹಳೆಯ ಕಾಲದವೆಂದು ಹೇಳಿ, ಕರ್ತೃತ್ವವನ್ನು ಮರೆಮಾಚಿಯೇ ಲೋಕಕ್ಕೆ ಒಪ್ಪಿಸಿದವನು. ಅಡಗಿಕೊಂಡು ಮಾತಾಡುವುದು ಇಲ್ಲಿಗೆ ಹೊಸದಲ್ಲ.) ನಮಗೆ ತೋಚುವ ಕಾರಣ ಸರಳವಾದದ್ದು. ಹವ್ಯಾಸಿ ನಟಿಯು ರಾತ್ರಿಯ ತಾಲೀಮಿಗೆ ಬರಬೇಕಾದರೆ ಮನೆಯವರ ಒಪ್ಪಿಗೆ ಬೇಕು. ತನ್ನ ಕುರಿತು ಒಂದು ಪಿಸುಮಾತು ಹುಟ್ಟಿದರೆ ಮೊದಲು ನಿಲ್ಲುವುದು ಅವಳ ತಾಲೀಮು, ಎರಡನೆಯದಾಗಿ ನಿಶ್ಚಯವಾಗುವುದು ಅವಳ ಮದುವೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಬಿಡಿಸಿತು. ಮನೆಯ ಅಂಗಳದ ಕಲಮುಗಳನ್ನು ಬಿಡಿಸುವ ಅಧಿಕಾರವು ಅದಕ್ಕಿಲ್ಲ.

ಇಲ್ಲಿಯ ತನಕ ಪರರ ರಂಗವನ್ನು ವಿಮರ್ಶಿಸಿದೆವು. ನಮ್ಮದೂ ಒಂದು ರಂಗವಿದೆ: ಬೆಳೆಹಬ್ಬದ ಸಂಜೆ ಸಭಾಮಂದಿರದ ಅಂಗಳದಲ್ಲಿ ಮರದ ಮೇಜುಗಳನ್ನು ಜೋಡಿಸಿ ಕಟ್ಟುವ ವೇದಿಕೆ. ಅಲ್ಲಿ ರೂತಳ ಕಥೆಯನ್ನು ಆಡಿಸದ ಸಭೆ ಕಡಿಮೆ. ಜವೆಗೋದಿಯ ಕೊಯ್ಲಿದೆ, ಬಡವಿಯಿದ್ದಾಳೆ, ದಯಾಳುವಾದ ಹೊಲದೊಡೆಯನಿದ್ದಾನೆ, ಕೊನೆಗೆ ಮದುವೆಯಿದೆ. ಹಬ್ಬಕ್ಕೆ ಇನ್ನೇನು ಬೇಕು? ಕೆಲವು ವರ್ಷಗಳ ಹಿಂದೆ ನಾವೇ ಸಭೆಯೊಂದರ ಸ್ತ್ರೀಯರಿಗಾಗಿ ಇದನ್ನು ನಾಟಕವಾಗಿ ಬರೆದೆವು. ಮೋವಾಬಿನ ದಾರಿಯಲ್ಲಿ ನೊವೊಮಿ ಮತ್ತು ರೂತಳ ಮಾತುಕತೆ ಬಹಳ ಉದ್ದವಾಯಿತೆಂದು ಅರ್ಧಕ್ಕರ್ಧ ಕತ್ತರಿಸಿ, ಕಣದ ದೃಶ್ಯವನ್ನು ಹಿಗ್ಗಿಸಿದೆವು. ಮದಲಿಂಗನು ಬಂದ ಮೇಲೆ ನೊವೊಮಿಗೆ ನಾವು ಒಂದು ಮಾತನ್ನೂ ಉಳಿಸಿರಲಿಲ್ಲ. ರೂತಳ ಪಾತ್ರ ಮಾಡಿದ ಯುವತಿಯು ತಾಲೀಮಿನ ಕೊನೆಗೆ ಬಂದು, "ಪಾದ್ರಿಯವರೇ, ಆ ದಾರಿಯ ಮಾತುಗಳನ್ನು ಯಾಕೆ ತೆಗೆದಿರಿ? ನನಗೆ ಬಾಯಿಪಾಠವಾಗಿತ್ತು" ಎಂದು ಕೇಳಿದಳು. ಸಮಯ ಸಾಲದು ಎಂದು ಉತ್ತರಿಸಿದೆವು. ಅವಳು ಹೆಚ್ಚು ಮಾತಾಡಲಿಲ್ಲ.

ಮೂಲವು ಏನನ್ನುತ್ತದೆ? ರೂತಳು ಅತ್ತೆಯನ್ನು ಬಿಡದೆ ಹತ್ತಿಕೊಂಡದ್ದಕ್ಕೆ ಬಳಸಿರುವ 'ದಾವಕ್' ಎಂಬ ಹೀಬ್ರೂ ಕ್ರಿಯಾಪದವು ಆದಿಕಾಂಡದ 2ನೇ ಅಧ್ಯಾಯದಲ್ಲಿ ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವುದಕ್ಕೆ ಬಳಸಿದ ಪದವೇ. ಪ್ರೀತಿಸು ಎಂಬ ಕ್ರಿಯಾಪದವು ಈ ಪುಸ್ತಕದಲ್ಲಿ ಒಂದೇ ಒಂದು ಸಾರಿ ಬರುತ್ತದೆ. ಅದೂ ಬೋವಜನ ಕುರಿತಾಗಿ ಅಲ್ಲ. ರೂತಳು ನೊವೊಮಿಯನ್ನು ಪ್ರೀತಿಸುತ್ತಾಳೆಂದು 4ನೇ ಅಧ್ಯಾಯದಲ್ಲಿ ಊರ ಹೆಂಗಸರು ಹೇಳುತ್ತಾರೆ, ಏಳು ಗಂಡುಮಕ್ಕಳಿಗಿಂತ ಅವಳನ್ನು ಮೇಲೆಂದು ಎಣಿಸುತ್ತಾರೆ, ಹುಟ್ಟಿದ ಕೂಸನ್ನು ನೊವೊಮಿಯ ಮಗನೆಂದೇ ಕರೆಯುತ್ತಾರೆ. ರೂತಳು ಸಲಿಂಗಪ್ರೇಮಿಯೆಂದು ಇದರಿಂದ ಸಿದ್ಧಪಡಿಸಲು ನಾವು ಹೊರಟಿಲ್ಲ. ಅಂಥ ಸಾಹಸವು ಅಮ್ಮಚ್ಚಿಯ ವಿಷಯದಲ್ಲಿ ಎಷ್ಟು ತಪ್ಪೋ ಇಲ್ಲಿಯೂ ಅಷ್ಟೇ ತಪ್ಪು. ಪವಿತ್ರಗ್ರಂಥವು ಮದುವೆಯ ನಂತರವೂ ಇಬ್ಬರು ಹೆಂಗಸರ ಬಂಧವನ್ನು ರಂಗದಿಂದ ಇಳಿಸಲಿಲ್ಲ, ಇಳಿಸಿದವರು ನಾವು.

ರೋಮಾಪುರದವರಿಗೆ ಬರೆದ ಪತ್ರದ 1ನೇ ಅಧ್ಯಾಯವನ್ನು ಓದುಗರು ಈಗಾಗಲೇ ನೆನೆದಿರಬಹುದು. ಆ ವಾಕ್ಯಗಳ ಅರ್ಥದ ಬಗ್ಗೆ ನಮ್ಮ ನಡುವೆಯೇ ಒಮ್ಮತವಿಲ್ಲ, ಅದಕ್ಕೆ ಬೇರೆಯೇ ಲೇಖನ ಬೇಕು. ಆದರೆ ಎರಡೂ ಪಕ್ಷದವರು ಒಪ್ಪಬೇಕಾದದ್ದೊಂದಿದೆ. ಕಾಣದಿರುವವಳಿಗೆ ಬೋಧನೆಯನ್ನಾಗಲಿ ಸಾಂತ್ವನವನ್ನಾಗಲಿ ಕೊಡುವುದು ಯಾವ ಸಭಾಪಾಲಕನಿಗೂ ಸಾಧ್ಯವಿಲ್ಲ. ಅಡವಿಯಲ್ಲಿ ಹಾಗರಳು ದೇವರಿಗಿಟ್ಟ ಹೆಸರು 'ನನ್ನನ್ನು ನೋಡುವವನು' ಎಂಬ ಅರ್ಥದ್ದು. ದೇವರನ್ನು ಹೆಸರಿಟ್ಟು ಕರೆದ ಆಕೆ ಮನೆಯಿಂದ ಓಡಿಬಂದ ದಾಸಿಯಾಗಿದ್ದಳು.

ಆ ಯುವತಿ ಈಗ ನಮ್ಮ ಸಭೆಯಲ್ಲಿಲ್ಲ. ಬೇರೆ ಊರಿನಲ್ಲಿ ಗೆಳತಿಯೊಬ್ಬಳ ಜೊತೆ ಮನೆ ಮಾಡಿದ್ದಾಳೆಂದು ಕೇಳಿದ್ದೇವೆ. ಅದಕ್ಕಿಂತ ಹೆಚ್ಚನ್ನು ಊಹಿಸುವ ಹಕ್ಕು ನಮಗಿಲ್ಲ. ಬರುವ ಬೆಳೆಹಬ್ಬಕ್ಕೆ ಮತ್ತೆ ರೂತಳ ನಾಟಕ ಬೇಕೆಂದು ಸ್ತ್ರೀಯರ ಸಂಘದವರು ಕೇಳಿದ್ದಾರೆ. ಹಳೆಯ ಕೈಬರಹವನ್ನು ತೆಗೆದು ದಾರಿಯ ಮಾತುಕತೆಯನ್ನು ಪೂರ್ತಿಯಾಗಿ ಮರಳಿ ಸೇರಿಸಿದ್ದೇವೆ, ನೊವೊಮಿಯ ಮಡಿಲಲ್ಲಿ ಕೂಸನ್ನಿಟ್ಟು ನೆರೆಯವರು ಮಾತಾಡುವ ದೃಶ್ಯವನ್ನು ಕೊನೆಗೆ ಬರೆದಿದ್ದೇವೆ. ನಾಟಕವು ಹದಿನೈದು ನಿಮಿಷ ಉದ್ದವಾಗಿದೆ. ಪಂಚಾಯತದ ಹಿರಿಯರೊಬ್ಬರು ಈಗಾಗಲೇ, ಮದುವೆಯ ದೃಶ್ಯದಲ್ಲೇ ಮುಗಿಸಬಹುದಲ್ಲ ಎಂದು ಸೂಚಿಸಿದ್ದಾರೆ.