ಕಗ್ಗ ಕೇಳುವ ಬಗೆ

‘ಮಂಕುತಿಮ್ಮನ ಕಗ್ಗ’ದ ಕವಿ ಡಿ.ವಿ. ಗುಂಡಪ್ಪನವರು (ಡಿವಿಜಿ, 1887–1975) ಹುಟ್ಟಿದ್ದು ಮುಳಬಾಗಿಲಿನಲ್ಲಿ. ಅವರ ಸ್ಮರಣೆಯ ಮುಖ್ಯ ನೆಲೆ ಮಾತ್ರ ಬೆಂಗಳೂರಿನ ಬಸವನಗುಡಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. 1945ರಲ್ಲಿ ಅದನ್ನು ಕಟ್ಟಿದವರೂ ಅವರೇ. 1970ರಲ್ಲಿ ನಾಗರಿಕರು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಕೂಡ ಅದಕ್ಕೇ ಕೊಟ್ಟರು. ಅಲ್ಲಿಯ ಉಪನ್ಯಾಸಕ್ಕಾಗಲಿ, ಮುಳಬಾಗಿಲು ಕಡೆಯ ತಾಯಲೂರಿನಂಥ ಹೋಬಳಿ ಊರಿನ ಕಗ್ಗ ವಾಚನಕ್ಕಾಗಲಿ ಹೊಸದಾಗಿ ಹೋಗುವವರು ಮೊದಲು ಕಿವಿ ಪಳಗಿಸಿಕೊಳ್ಳಬೇಕು. ಅರ್ಥ ಆಮೇಲೆ.

1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ಪದ್ಯಕ್ಕೆ ನಾಲ್ಕೇ ಸಾಲು, ನಡೆ ಐದು ಮಾತ್ರೆಯ ಗಣದ್ದು. ಒಂದನೆಯ, ಮೂರನೆಯ ಸಾಲುಗಳಲ್ಲಿ ಇಂಥ ನಾಲ್ಕು ಗಣ ತುಂಬಿ ಬರುತ್ತವೆ. ಎರಡನೆಯ, ನಾಲ್ಕನೆಯ ಸಾಲುಗಳಲ್ಲಿ ಮೂರು ಗಣವಾದ ಮೇಲೆ ಮುಂದಿನದು ತುಂಡಾಗುತ್ತದೆ. ‘ಮಂಕುತಿಮ್ಮ’ ಎಂಬ ಹೆಸರಿನಲ್ಲಿ ಮುಗಿಯುವ ಕೊನೆಯ ಸಾಲನ್ನೇ ಎಣಿಸಿ ನೋಡಬಹುದು: ‘ಮಂಕುತಿಮ್‌’ ಎಂಬಲ್ಲಿಗೆ ಮೂರನೆಯ ಗಣ ಭರ್ತಿ, ‘ಮ’ ಒಂದೇ ಮಿಗುತ್ತದೆ. ಗಣದ ಉಳಿದ ಭಾಗವನ್ನು ತುಂಬುವುದು ಮೌನ. ಹಿಂದಿನ ಮೂರು ಸಾಲಿನ ತರ್ಕ ಕೇಳುಗನಲ್ಲಿ ಇಳಿಯುವುದು ಆ ಬಿಡುವಿನಲ್ಲೇ. ವಾಚಕರ ದರ್ಜೆಯನ್ನೂ ಅಲ್ಲೇ ಅಳೆಯಬೇಕು.

ಈಚಿನ ವೇದಿಕೆಗಳಲ್ಲಿ ಆ ಬಿಡುವಿಗೆ ಕೀಬೋರ್ಡು, ತಬಲ ತುರುಕಿ ತಿಮ್ಮನನ್ನು ಎರಡು ಆವರ್ತ ಎಳೆಯುವುದು ರೂಢಿಯಾಗಿದೆ. ಸಭೆ ಚಪ್ಪಾಳೆ ತಟ್ಟುವುದೂ ಅದಕ್ಕೇ! ಗುಲಾಬಿ ಹೂವಿನ ಚಿತ್ರದ ಮೇಲೆ ಕೊನೆಯ ಸಾಲನ್ನಷ್ಟೇ ಬರೆದು ಬೆಳಗಾದರೆ ವಾಟ್ಸಾಪಿನಲ್ಲಿ ಹಂಚುವವರದು ಇನ್ನೊಂದು ಅವಾಂತರ. ಕಗ್ಗವೆಂದರೆ ಬುದ್ಧಿಮಾತಿನ ಗಂಟು ಎಂಬ ಎಣಿಕೆ ಇದಕ್ಕೆಲ್ಲ ಮೂಲ. ಆದರೆ ಮೊದಲ ಪದ್ಯವೇ ದೇವರ ಹೆಸರುಗಳನ್ನು ಸಾಲಾಗಿ ಹೇಳಿ, ಕಡೆಗೆ ಜನ ಕಾಣದೆಯೂ ನಂಬಿರುವ ಒಂದು ವಿಚಿತ್ರಕ್ಕೆ ಕೈಮುಗಿಯುತ್ತದೆ. ಅದರ ಬೆನ್ನಿಗೇ ಸಂಶಯಗಳು, ಪ್ರಶ್ನೆಗಳು. ‘ಮಂಕುತಿಮ್ಮ’ ಎಂದು ಕವಿ ಕರೆಯುವುದು ಎದುರಿಗಿರುವವರನ್ನಲ್ಲ, ತನ್ನನ್ನೇ.

ಮುಳಬಾಗಿಲು ಸೀಮೆಯ ಕಿವಿಗೆ ಹೀಗೆ ತನ್ನನ್ನೇ ಕರೆದುಕೊಳ್ಳುವ ರೀತಿ ತೀರಾ ಹೊಸದೇನಲ್ಲ. ತೆಲುಗು ಬೆರೆತ ಈ ಗಡಿ ಊರುಗಳಲ್ಲಿ ವೇಮನನ ಪದ್ಯ ಬಲ್ಲವರಿದ್ದಾರೆ. ಪದ್ಯದ ಕೊನೆಗೆ ಬರುವ ಅವನ ಮಕುಟದಲ್ಲೂ ಅವನದೇ ಹೆಸರು. ಊರಾಚೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಅವರ ಕೀರ್ತನೆಗಳ ‘ರಂಗವಿಠಲ’ ಅಂಕಿತ ದೇವರನ್ನು ಕೂಗುವುದರಿಂದ ಅಲ್ಲಿ ದನಿ ಏರಿದರೆ ಚೆನ್ನ. ತಿಮ್ಮನ ಹೆಸರಿನಲ್ಲಿ ದನಿ ಇಳಿಯಬೇಕು. ಎರಡನ್ನೂ ಕೇಳಿದವರಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ.

ಕಗ್ಗದಲ್ಲಿ ಸಾಲುಸಾಲಿಗೂ ಎರಡನೆಯ ಅಕ್ಷರದಲ್ಲಿ ಪ್ರಾಸ ಬರುತ್ತದೆ. ಅರ್ಥ ಒಂದು ಸಾಲಿನಿಂದ ಮುಂದಿನದಕ್ಕೆ ಹರಿದಾಗ ಸಾಲಿನ ಮೊದಲನ್ನು ಕಿವಿಗೆ ತೋರಿಸಿಕೊಡುವುದು ಅದೇ. ಅದನ್ನು ಒತ್ತಿ ಕುಟ್ಟಿದರೆ ಮಗ್ಗಿ ಒಪ್ಪಿಸಿದಂತಾಗುತ್ತದೆ.

ಹಾಡನ್ನೇ ಬಯಸುವವರಿಗೆ ‘ಅಂತಃಪುರಗೀತೆ’ ಇದೆ. ಬೇಲೂರು ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರನ್ನು ಕುರಿತ ಆ ಗೀತೆಗಳನ್ನು ಡಿವಿಜಿ ಬರೆದದ್ದು ಹಾಡಲೆಂದೇ. ಅಲ್ಲಿ ರಾಗ ಎಷ್ಟು ಬೆಳೆಸಿದರೂ ಅಡ್ಡಿಯಿಲ್ಲ. ಬೇಲೂರಿನಲ್ಲಿ ಕತ್ತೆತ್ತಿ ಆ ವಿಗ್ರಹಗಳನ್ನು ಒಂದೊಂದಾಗಿ ನೋಡಿಬಂದವರಿಗೆ ಆ ಗೀತೆಗಳು ಹೆಚ್ಚು ರುಚಿಸುತ್ತವೆ. ‘ಮರುಳ ಮುನಿಯನ ಕಗ್ಗ’ ಕವಿ ತೀರಿಕೊಂಡ ಮೇಲೆ ಪ್ರಕಟವಾದದ್ದು; ಮೊದಲನೆಯ ಕಗ್ಗದ ನಡೆ ಕಿವಿಯಲ್ಲಿ ಕೂತ ಮೇಲೆ ಅದನ್ನು ಕೈಗೆತ್ತಿಕೊಂಡರೆ ಸಾಕು.